ಸ್ಪ್ಲಿಟ್ ಅಂದ್ರೆ ಪ್ರಸಾದವಲ್ಲ, ಸ್ವಾಮಿ!

ನಾನು ಶೇರುಪೇಟೆಯ ಪಂಡಿತನಲ್ಲ. ಧಾರವಾಡದ ಕಡೆ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ವರ್ಗವಾಗಿ ಮುಂಬಯಿಗೆ ಬಂದು, ಮೂರು ವರ್ಷಕ್ಕೆ ವಾಪಸ್ ಹೋಗೋಣ ಅಂದುಕೊಂಡು ಮೂವತ್ತು ವರ್ಷ ಇಲ್ಲೇ ಉಳಿದವನು. ಡೆಬಿಟ್ಟು, ಕ್ರೆಡಿಟ್ಟು, ಸಾಲ, ಬಡ್ಡಿ, ಇವಿಷ್ಟೇ ನನ್ನ ವಿದ್ಯೆ. ಆದರೂ ಇವತ್ತು ಶೇರಿನ ಬಗ್ಗೆ ಬರೆಯುತ್ತಿದ್ದೇನೆ. ಕಾರಣ, ನಮ್ಮವರು ಕೈಯಾರೆ ದುಡ್ಡು ಸುಟ್ಟುಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿದೆ.

ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಈಗ ಹಬ್ಬದ ಶುಭಾಶಯಕ್ಕಿಂತ ಹೆಚ್ಚಾಗಿ ಬರುವ ಸಂದೇಶ ಒಂದೇ. "ಇಂಥಾ ಕಂಪನಿ ಒಂದಕ್ಕೆ ಹತ್ತು ಸ್ಪ್ಲಿಟ್ ಮಾಡ್ತದಂತೆ, ಈಗಲೇ ತಗೊಳ್ಳಿ!" ಅದರ ಕೆಳಗೆ ಇಪ್ಪತ್ತು ಜನ ಕೈಮುಗಿದ ಚಿತ್ರ. ಯಾರಾದರೂ "ಅಷ್ಟು ಶೇರು ಮಾಡೋಕೆ ಆ ಕಂಪನಿಗೆ ಅಧಿಕಾರ ಇದೆಯಾ, ಅಧಿಕೃತ ಬಂಡವಾಳ ಎಷ್ಟಿದೆ?" ಅಂತ ಕೇಳಿದರೆ ತಕ್ಷಣ ಉತ್ತರ: "ಅಯ್ಯೋ, ಅದೆಲ್ಲಾ ಬರೀ ಕಾಗದದ ಲೆಕ್ಕ ರೀ!"

ಈ ಕೊನೆಯ ಮಾತಿನ ಮೇಲೆ ನನ್ನ ಜಗಳ. ಅದು ಬರೀ ಕಾಗದದ ಲೆಕ್ಕವಲ್ಲ. ಸಣ್ಣ ಶೇರುದಾರನ ಹೊಲಕ್ಕೆ ಇರುವ ಬೇಲಿ ಅದು. ಬೇಲಿ ಎಲ್ಲಿದೆ, ಯಾವಾಗ ಕೀಳುತ್ತಾರೆ, ಯಾರು ಕೀಳುತ್ತಾರೆ ಅಂತ ನೋಡದೆ ಇದ್ದರೆ ಬೆಳೆ ಮೇಯ್ದು ಹೋದ ಮೇಲೆ ಅಳಬೇಕಾಗುತ್ತದೆ.

ಮೊದಲು ಸ್ಪ್ಲಿಟ್ ಎಂದರೇನು ನೋಡಿ. ಒಂದು ಹಲಸಿನ ಹಣ್ಣನ್ನು ಎರಡು ಹೋಳು ಮಾಡಿದರೂ ಅದೇ ತೊಳೆ, ಇಪ್ಪತ್ತು ಹೋಳು ಮಾಡಿದರೂ ಅದೇ ತೊಳೆ. ಸಾವಿರ ರೂಪಾಯಿಯ ಒಂದು ಶೇರು ನೂರು ರೂಪಾಯಿಯ ಹತ್ತು ಶೇರಾಯಿತು ಅಷ್ಟೇ. ಕಂಪನಿಗೆ ಒಂದು ಪೈಸೆ ಬರಲಿಲ್ಲ, ನಿಮಗೂ ಒಂದು ಪೈಸೆ ಬರಲಿಲ್ಲ. ಇದನ್ನು ದೇವಸ್ಥಾನದ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುವುದು ಯಾಕೆ?

ಇನ್ನು ಆ "ಕಾಗದದ ಲೆಕ್ಕ"ಕ್ಕೆ ಬರೋಣ. ಬ್ಯಾಂಕಿನವನಾದ್ದರಿಂದ ಬ್ಯಾಂಕಿನ ಉದಾಹರಣೆಯನ್ನೇ ಕೊಡುತ್ತೇನೆ. ಒಬ್ಬ ವ್ಯಾಪಾರಿಗೆ ನಾವು 100 ಲಕ್ಷ ರೂಪಾಯಿ ಲಿಮಿಟ್ ಮಂಜೂರು ಮಾಡಿದ್ದೇವೆ ಅಂತಿಟ್ಟುಕೊಳ್ಳಿ. ಅವನು 30 ಲಕ್ಷ ತೆಗೆದಿದ್ದಾನೆ. ಇನ್ನು 8 ಲಕ್ಷಕ್ಕೆ ನಾವು ಅವನ ಪರವಾಗಿ ಗ್ಯಾರಂಟಿ ಬರೆದುಕೊಟ್ಟಿದ್ದೇವೆ. ಆ 8 ಲಕ್ಷವನ್ನು ಅವನು ತೆಗೆದಿಲ್ಲ ನಿಜ, ಆದರೆ ಬೇರೆಯದಕ್ಕೆ ಬಳಸುವಂತೆಯೂ ಇಲ್ಲ. ಅದರ ಮೇಲೆ ಆಗಲೇ ಟವೆಲ್ ಹಾಕಿ ಸೀಟು ಹಿಡಿದಾಗಿದೆ. ಅಂದರೆ ಅವನ ಕೈಯಲ್ಲಿ ಉಳಿದದ್ದು 70 ಲಕ್ಷವಲ್ಲ, 62 ಲಕ್ಷ.

ಕಂಪನಿಯ ಶೇರಿನ ಲೆಕ್ಕವೂ ಹೀಗೆಯೇ. ಮೆಮೊರಾಂಡಮ್ಮಿನಲ್ಲಿ ಬರೆದ ಗರಿಷ್ಠ ಮಿತಿ ಅಧಿಕೃತ ಬಂಡವಾಳ. ಜನರ ಕೈಯಲ್ಲಿರುವುದು ಹಂಚಿಕೆಯಾದ ಶೇರು. ನೌಕರರ ಸ್ಟಾಕ್ ಆಪ್ಷನ್ನು, ವಾರಂಟು, ಮುಂದೆ ಶೇರಾಗಿ ಬದಲಾಗುವ ಸಾಲಪತ್ರ, ಇವುಗಳಿಗಾಗಿ ಟವೆಲ್ ಹಾಕಿಟ್ಟದ್ದು ಮೀಸಲಿಟ್ಟ ಶೇರು. (ಇದನ್ನು ಕಂಪನಿಯ ಮೀಸಲು ನಿಧಿ ಜೊತೆ ಬೆರೆಸಬೇಡಿ. ಅದು ಉಳಿಸಿದ ಲಾಭ. ಇದು ಇನ್ನೂ ಹುಟ್ಟದ ಶೇರಿಗೆ ಕೊಟ್ಟ ಮಾತು.)

ಈಗ ಲೆಕ್ಕ ಹಾಕಿ. ಅಧಿಕೃತ ಶೇರು 100 ಲಕ್ಷ, ಹಂಚಿಕೆಯಾದದ್ದು 30 ಲಕ್ಷ. ವಾಟ್ಸಾಪ್ ಪಂಡಿತ ಹೇಳುತ್ತಾನೆ: "ಒಂದಕ್ಕೆ ಮೂರು ಮಾಡಿದರೂ 90 ಲಕ್ಷ, ಆರಾಮಾಗಿ ಹಿಡಿಸುತ್ತೆ." ಹಿಡಿಸುವುದಿಲ್ಲ! ಮೀಸಲಿಟ್ಟ 8 ಲಕ್ಷ ಎಲ್ಲಿ ಹೋಯಿತು? ಶೇರು ಮೂರು ಪಟ್ಟಾದಾಗ ನೌಕರನ ಆಪ್ಷನ್ನೂ ಮೂರು ಪಟ್ಟಾಗಲೇಬೇಕು, ಇಲ್ಲದಿದ್ದರೆ ಅವನಿಗೆ ಮೋಸ. ಅಲ್ಲಿಗೆ 38 ಲಕ್ಷ ಗುಣಿಸು ಮೂರು, 114 ಲಕ್ಷ. ಮಿತಿ ದಾಟಿತು. ಒಂದಕ್ಕೆ ಎರಡು ಮಾಡಬಹುದು, ಮೂರು ಆಗುವುದಿಲ್ಲ. ಮೂರು ಬೇಕೆಂದರೆ ಕಂಪನಿ ಶೇರುದಾರರ ಮುಂದೆ ಬಂದು "ಮಿತಿ ಹೆಚ್ಚಿಸಲು ಒಪ್ಪಿಗೆ ಕೊಡಿ" ಅಂತ ಕೇಳಬೇಕು.

ಇದು ನನ್ನ ಕಲ್ಪನೆಯ ಲೆಕ್ಕ. ನಿಜವಾದದ್ದು ಬೇಕೇ? ಅಮೆರಿಕದ ಟೆಸ್ಲಾ ನೋಡಿ. 2020ರ ಆಗಸ್ಟಿನಲ್ಲಿ ಅದು ಒಂದಕ್ಕೆ ಐದು ಮಾಡಿತು. ಆಗ ಹೊರಗಿದ್ದದ್ದು ಸುಮಾರು 18.6 ಕೋಟಿ ಶೇರು, ಐದು ಪಟ್ಟಾದರೆ ಸುಮಾರು 93 ಕೋಟಿ. ಅಧಿಕೃತ ಮಿತಿ 200 ಕೋಟಿ. ಆದ್ದರಿಂದ ಯಾರನ್ನೂ ಕೇಳಲಿಲ್ಲ, ಆಡಳಿತ ಮಂಡಳಿಯೇ ತೀರ್ಮಾನಿಸಿತು. ಎರಡು ವರ್ಷದ ನಂತರ ಒಂದಕ್ಕೆ ಮೂರು ಮಾಡಲು ಹೊರಟಾಗ ಹೊರಗಿದ್ದದ್ದು ಸುಮಾರು 104 ಕೋಟಿ. ಮೂರು ಬಿಡಿ, ಒಂದಕ್ಕೆ ಎರಡು ಮಾಡಿದರೂ 208 ಕೋಟಿ ಆಗಿ ಮಿತಿ ದಾಟುತ್ತಿತ್ತು. ಹಾಗಾಗಿ 2022ರ ಆಗಸ್ಟ್ 4ರ ಸಭೆಯಲ್ಲಿ ಮಿತಿಯನ್ನು 200ರಿಂದ 600 ಕೋಟಿಗೆ ಏರಿಸಲು ಮತ ಕೇಳಬೇಕಾಯಿತು. ಒಂದೇ ಕಂಪನಿ, ಒಂದೇ ಯಜಮಾನ. ಒಮ್ಮೆ ಕೇಳಲಿಲ್ಲ, ಒಮ್ಮೆ ಕೇಳಿದರು. ವ್ಯತ್ಯಾಸ ಮಾಡಿದ್ದು ಆ "ಕಾಗದದ ಲೆಕ್ಕ"ವೇ!

ಗೇಮ್‌ಸ್ಟಾಪ್ ಕಥೆ ಇನ್ನೂ ಬಿಗಿ. ಮಿತಿ 30 ಕೋಟಿ, ಹೊರಗಿದ್ದದ್ದು ಸುಮಾರು 7.6 ಕೋಟಿ. ಒಂದಕ್ಕೆ ನಾಲ್ಕು ಮಾಡಿದರೆ 30 ಕೋಟಿ 40 ಲಕ್ಷ. ಬಾಗಿಲ ಹೊಸ್ತಿಲಲ್ಲೇ ಸಿಕ್ಕಿಕೊಂಡಿತು. 2022ರ ಜೂನ್ 2ರಂದು ಶೇರುದಾರರು 100 ಕೋಟಿಗೆ ಒಪ್ಪಿದ ಮೇಲಷ್ಟೇ ಜುಲೈಯಲ್ಲಿ ಸ್ಪ್ಲಿಟ್ ಆಯಿತು.

"ಆಯ್ತಲ್ಲ, ಕೇಳಿದರು, ಕೊಟ್ಟರು. ಅದರಲ್ಲೇನಿದೆ?" ಅನ್ನುತ್ತೀರಾ? ಏನಿದೆ ಅಂತ ತಿಳಿಯಲು ಎಎಂಸಿ ಎಂಬ ಸಿನಿಮಾ ಮಂದಿರಗಳ ಕಂಪನಿಯನ್ನು ನೋಡಿ. ಅದರ ಮಿತಿ ಸುಮಾರು 52.4 ಕೋಟಿ ಶೇರು. 2021ರ ಮಧ್ಯದ ಹೊತ್ತಿಗೆ 51 ಕೋಟಿಗೂ ಹೆಚ್ಚು ಹಂಚಿ ಮುಗಿದಿತ್ತು. ಕಂಪನಿ ಇನ್ನೂ ಎರಡೂವರೆ ಕೋಟಿ ಶೇರಿಗೆ ಒಪ್ಪಿಗೆ ಕೇಳಲು ಹೊರಟಿತು. ಸಣ್ಣ ಶೇರುದಾರರು ಗಲಾಟೆ ಮಾಡಿದರು. 2021ರ ಜುಲೈಯಲ್ಲಿ ಕಂಪನಿ ಪ್ರಸ್ತಾವವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಬೇಲಿ ಕೆಲಸ ಮಾಡಿತು!

ಆದರೆ ಹಿತ್ತಿಲ ಬಾಗಿಲು ಇತ್ತು. ಪ್ರಿಫರೆನ್ಸ್ ಶೇರಿನ ಮಿತಿ ಬೇರೆಯೇ ಇರುತ್ತದೆ. ಅದನ್ನು ಮುಂಚೆಯೇ ಖಾಲಿ ಇಟ್ಟುಕೊಂಡಿದ್ದರು. 2022ರ ಆಗಸ್ಟಿನಲ್ಲಿ ಅದನ್ನು ಚೂರು ಚೂರು ಮಾಡಿ ಹೊಸ ಹೆಸರಿನ ಯೂನಿಟ್ಟುಗಳನ್ನು ಪ್ರತಿ ಶೇರಿಗೊಂದರಂತೆ ಹಂಚಿದರು. ನೋಡಲು ಪ್ರಸಾದದಂತೆಯೇ ಇತ್ತು. ನಂತರ ಅದೇ ಯೂನಿಟ್ಟುಗಳನ್ನು ಮಾರುಕಟ್ಟೆಯಲ್ಲಿ ಮಾರಿ ದುಡ್ಡೆತ್ತಿದರು. ಅವುಗಳಿಗೂ ಮತದ ಹಕ್ಕಿತ್ತು. 2023ರ ಮಾರ್ಚಿನಲ್ಲಿ ಆ ಮತಗಳನ್ನೂ ಸೇರಿಸಿಕೊಂಡು ಎರಡು ನಿರ್ಣಯ ಪಾಸು ಮಾಡಿಸಿದರು: ಮಿತಿ 55 ಕೋಟಿಗೆ ಏರಿಕೆ, ಮತ್ತು ಹತ್ತು ಶೇರು ಸೇರಿ ಒಂದಾಗುವ ತಿರುವು ಸ್ಪ್ಲಿಟ್. ಹೊರಗಿನ ಶೇರು ಹತ್ತನೇ ಒಂದು ಪಾಲಾಯಿತು, ಮಿತಿ ಮಾತ್ರ ಕಡಿಮೆಯಾಗಲಿಲ್ಲ. ಅಂದರೆ ಒಮ್ಮೆಲೇ ಹೊಸ ಶೇರು ಹೊರಡಿಸಲು ಬಯಲಿನಷ್ಟು ಜಾಗ! ಶೇರುದಾರರು ಡೆಲವೇರ್ ಕೋರ್ಟಿಗೆ ಹೋದರು. 2023ರ ಆಗಸ್ಟಿನಲ್ಲಿ ರಾಜಿಯಾಗಿ, ಹಳೆಯ ಶೇರುದಾರರಿಗೆ ಪ್ರತಿ ಏಳೂವರೆ ಶೇರಿಗೆ ಒಂದು ಹೆಚ್ಚುವರಿ ಶೇರು ಪರಿಹಾರವಾಗಿ ಸಿಕ್ಕಿತು. ಮುಂಬಾಗಿಲಿನ ಬೀಗ ನೋಡಿ ನೆಮ್ಮದಿಯಿಂದ ಮಲಗಿದವರು ಹಿತ್ತಿಲನ್ನೂ ನೋಡಬೇಕಾಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಇನ್ನೊಂದು ಬಗೆಯ ಗೊಂದಲವಿದೆ. ಅಮೆರಿಕದ ಸುದ್ದಿ ಓದಿಕೊಂಡ ನಮ್ಮ ಕೆಲವು ಹುಡುಗರು "ಇಂಡಿಯಾದಲ್ಲೂ ಅಧಿಕೃತ ಬಂಡವಾಳ ಮುಗಿದರೆ ಸ್ಪ್ಲಿಟ್ ಆಗಲ್ಲ" ಅನ್ನುತ್ತಾರೆ. ಅದೂ ತಪ್ಪು! ಅಮೆರಿಕದಲ್ಲಿ ಮಿತಿಯನ್ನು ಶೇರುಗಳ ಸಂಖ್ಯೆಯಲ್ಲಿ ಹಿಡಿಯುತ್ತಾರೆ. ನಮ್ಮಲ್ಲಿ ಅದನ್ನು ರೂಪಾಯಿಯಲ್ಲಿ ಬರೆಯುತ್ತೇವೆ, ಜೊತೆಗೆ ಪ್ರತಿ ಶೇರಿಗೂ ಮುಖಬೆಲೆ ಇದೆ. 10 ರೂಪಾಯಿ ಮುಖಬೆಲೆಯ ಶೇರು 2 ರೂಪಾಯಿಯ ಐದು ಶೇರಾದರೆ ಅಧಿಕೃತ ಶೇರುಗಳ ಸಂಖ್ಯೆಯೂ ಐದು ಪಟ್ಟಾಗುತ್ತದೆ. ರೂಪಾಯಿ ಮೊತ್ತ ಅಲ್ಲಾಡುವುದಿಲ್ಲ.

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕನ್ನೇ ನೋಡಿ. 2024ರ ಮೇ ತಿಂಗಳಲ್ಲಿ 10 ರೂಪಾಯಿಯ ಶೇರು 2 ರೂಪಾಯಿಯದ್ದಾಯಿತು. 181 ಕೋಟಿ ಚಿಲ್ಲರೆ ಶೇರು 907 ಕೋಟಿಯಾಯಿತು. ಪಾವತಿಯಾದ ಬಂಡವಾಳ ಮುಂಚೆಯೂ ಸುಮಾರು 1,814 ಕೋಟಿ ರೂಪಾಯಿ, ಆಮೇಲೂ ಅಷ್ಟೇ. ಕಾನೂನು ಹಾಕಿದ 3,000 ಕೋಟಿಯ ಮಿತಿಗೆ ಒಂದು ಗೀರೂ ಬೀಳಲಿಲ್ಲ.

ಹಾಗಾದರೆ ನಮ್ಮಲ್ಲಿ ಸ್ಪ್ಲಿಟ್‌ಗೆ ಮಿತಿಯೇ ಇಲ್ಲವೇ? ಇದೆ, ಬೇರೆ ಕಡೆ ಇದೆ. 1999ರಲ್ಲಿ ಸೆಬಿ 10 ಮತ್ತು 100 ರೂಪಾಯಿಯ ಹಳೆಯ ಕಟ್ಟಳೆ ಸಡಿಲಿಸಿದಾಗ ಒಂದು ಷರತ್ತು ಹಾಕಿತು. ಮುಖಬೆಲೆ ರೂಪಾಯಿಯ ಚೂರಾಗಿರಬಾರದು. ಅಂದರೆ 1 ರೂಪಾಯಿ ಬಂದರೆ ಅಲ್ಲಿಗೆ ಮುಗಿಯಿತು. ಸ್ಟೇಟ್ ಬ್ಯಾಂಕು 2014ರಲ್ಲೇ 1 ರೂಪಾಯಿಗೆ ಬಂದಿದೆ. ಎಚ್‌ಡಿಎಫ್‌ಸಿ ಬ್ಯಾಂಕು 2019ರಲ್ಲಿ ಬಂತು, ಆದ್ದರಿಂದಲೇ 2025ರಲ್ಲಿ ಅದು ಮಾಡಿದ್ದು ಸ್ಪ್ಲಿಟ್ ಅಲ್ಲ, ಬೋನಸ್. ಹೀಗಿದ್ದೂ 1 ರೂಪಾಯಿ ಮುಖಬೆಲೆಯ ಕಂಪನಿಯ ಹೆಸರು ಹಾಕಿ "ಸ್ಪ್ಲಿಟ್ ಬರ್ತಿದೆ" ಅಂತ ಸಂದೇಶ ಕಳಿಸುವವರಿದ್ದಾರೆ, ಅದನ್ನು ನಂಬುವವರೂ ಇದ್ದಾರೆ! ಮುಖಬೆಲೆ ಒಂದನ್ನು ನೋಡಿದ್ದರೆ ಸಾಕಿತ್ತು.

ಬೋನಸ್ ಶೇರಿನ ವಿಷಯದಲ್ಲಿ ಮಾತ್ರ ಅಧಿಕೃತ ಬಂಡವಾಳ ನಮ್ಮಲ್ಲೂ ಗೋಡೆಯಂತೆ ನಿಲ್ಲುತ್ತದೆ. ಬೋನಸ್ಸಿನಲ್ಲಿ ಮುಖಬೆಲೆ ಕಡಿಮೆಯಾಗುವುದಿಲ್ಲ, ಮೀಸಲು ನಿಧಿಯ ದುಡ್ಡು ಬಂಡವಾಳದ ಖಾತೆಗೆ ಬರುತ್ತದೆ, ಮೊತ್ತ ಹಿಗ್ಗುತ್ತದೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಇದಕ್ಕೆ ಪಾಠಪುಸ್ತಕದಂಥ ಉದಾಹರಣೆ. 2000ದಲ್ಲಿ 10 ರೂಪಾಯಿಯಿಂದ 5 ರೂಪಾಯಿಗೆ ಇಳಿದ ಮೇಲೆ ಅದು ಸ್ಪ್ಲಿಟ್ ಮಾಡಿಲ್ಲ, ಬೋನಸ್ ಮೇಲೆ ಬೋನಸ್ ಕೊಟ್ಟಿತು. 2018ರಲ್ಲಿ ಅದರ ಬಂಡವಾಳ ಸುಮಾರು 1,092 ಕೋಟಿ, ಅಧಿಕೃತ ಮಿತಿ 1,200 ಕೋಟಿ. ಒಂದಕ್ಕೊಂದು ಬೋನಸ್ ಕೊಟ್ಟರೆ 2,184 ಕೋಟಿ ಬೇಕು. ಮಿತಿಯನ್ನು 2,400 ಕೋಟಿಗೆ ಏರಿಸಲು ಶೇರುದಾರರ ಒಪ್ಪಿಗೆ ಪಡೆದ ಮೇಲೇ ಬೋನಸ್ ಬಂದದ್ದು. ಅಲ್ಲೂ ಮೀಸಲಿನ ಮಾತಿದೆ. ಕಡ್ಡಾಯವಾಗಿ ಶೇರಾಗಬೇಕಾದ ಸಾಲಪತ್ರಗಳನ್ನು ಕೊಟ್ಟಿರುವ ಕಂಪನಿ ಬೋನಸ್ ಕೊಡುವಾಗ ಆ ಪತ್ರದವರಿಗೂ ಅದೇ ಪ್ರಮಾಣದ ಶೇರು ತೆಗೆದಿಡಬೇಕೆಂದು ಸೆಬಿ ನಿಯಮವಿದೆ. ಅದಕ್ಕೂ ಮಿತಿಯಲ್ಲಿ ಜಾಗ ಬೇಕು.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಮಿತಿ ಹೆಚ್ಚಿಸುವ ನಿರ್ಣಯ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಬೇಕಾದಷ್ಟೇ ಕೇಳುತ್ತಿದ್ದಾರೋ, ಅದಕ್ಕಿಂತ ಬಹಳ ಹೆಚ್ಚೋ? ಹೆಚ್ಚಾಗಿದ್ದರೆ ಉಳಿದ ಜಾಗ ಯಾರಿಗೆ?

ಡೊಂಬಿವಲಿಯಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಬಿಜಾಪುರದ ಕಡೆಯವರು. ಸಣ್ಣದೊಂದು ಕಂಪನಿ ಒಂದಕ್ಕೆ ಹತ್ತು ಸ್ಪ್ಲಿಟ್ ಘೋಷಿಸಿತು ಅಂತ ನಿವೃತ್ತಿ ಹಣದ ಒಂದು ಪಾಲು ಅದಕ್ಕೆ ಹಾಕಿದರು. ಅದೇ ನೋಟೀಸಿನ ಎರಡನೇ ಪುಟದಲ್ಲಿ ಅಧಿಕೃತ ಬಂಡವಾಳವನ್ನು ಹಲವು ಪಟ್ಟು ಏರಿಸುವ ನಿರ್ಣಯವಿತ್ತು. ಮೂರನೇ ಪುಟದಲ್ಲಿ ಪ್ರವರ್ತಕರಿಗೂ ಅವರಿಗೆ ಬೇಕಾದ ಕೆಲವರಿಗೂ ವಾರಂಟು ಕೊಡುವ ನಿರ್ಣಯವಿತ್ತು. ಮೇಷ್ಟ್ರು ಮೊದಲ ಪುಟವನ್ನಷ್ಟೇ ಓದಿದ್ದರು. ವಾರಂಟುಗಳು ಶೇರಾದವು, ಬಂದ ಶೇರು ಪೇಟೆಗೆ ಬಿತ್ತು, ಬೆಲೆ ಪಾತಾಳಕ್ಕಿಳಿಯಿತು. "ಹತ್ತು ಪಟ್ಟು ಶೇರು ಅದಾವಲ್ರೀ ನನ್ ಹತ್ರ" ಅಂತ ಈಗಲೂ ಹೇಳುತ್ತಾರೆ. ಏನು ಉತ್ತರ ಕೊಡಲಿ? ಸ್ಪ್ಲಿಟ್ ಮಾಡಿದ್ದು ತಪ್ಪಲ್ಲ. ಸ್ಪ್ಲಿಟ್ ಎಂಬ ಮೈಕು ಹಿಡಿದು ಒಂದು ಕಡೆ ಕೂಗುತ್ತಾ, ಇನ್ನೊಂದು ಕಡೆ ಸದ್ದಿಲ್ಲದೆ ಬೇಲಿ ಕಿತ್ತದ್ದು ತಪ್ಪು.

ದೊಡ್ಡ ಉದಾಹರಣೆಯೂ ಇದೆ, ಎಲ್ಲರಿಗೂ ಗೊತ್ತಿರುವುದೇ. ಯೆಸ್ ಬ್ಯಾಂಕು 2017ರಲ್ಲಿ 10 ರೂಪಾಯಿಯ ಶೇರನ್ನು 2 ರೂಪಾಯಿಯ ಐದಾಗಿ ಒಡೆಯಿತು. ಎಷ್ಟು ಸಂಭ್ರಮ! 2020ರ ಮಾರ್ಚಿನಲ್ಲಿ ಬ್ಯಾಂಕು ಮುಗ್ಗರಿಸಿತು. ಸರ್ಕಾರ ಪುನರ್ರಚನೆಯ ಯೋಜನೆ ತಂದು, ಶೇರುದಾರರ ಮತವಿಲ್ಲದೆಯೇ ಅಧಿಕೃತ ಬಂಡವಾಳವನ್ನು 6,200 ಕೋಟಿಗೆ ಏರಿಸಿತು. ಸ್ಟೇಟ್ ಬ್ಯಾಂಕು ಮತ್ತು ಇತರ ಬ್ಯಾಂಕುಗಳು ಶೇರಿಗೆ 10 ರೂಪಾಯಿಯಂತೆ 10,000 ಕೋಟಿ ಹಾಕಿದವು. ಜುಲೈಯಲ್ಲಿ 12 ರೂಪಾಯಿಯಂತೆ ಮತ್ತೆ ಶೇರು ಹೊರಡಿತು. ಸುಮಾರು 255 ಕೋಟಿ ಇದ್ದ ಶೇರು ಕೆಲವೇ ತಿಂಗಳಲ್ಲಿ ಸುಮಾರು 2,500 ಕೋಟಿಯಾಯಿತು. ಹಳೆಯ ಶೇರುದಾರನ ಪಾಲು ಹತ್ತನೇ ಒಂದಕ್ಕೆ ಇಳಿಯಿತು. ನೂರಕ್ಕಿಂತ ಹೆಚ್ಚು ಶೇರಿದ್ದವರಿಗೆ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರುವಂತೆಯೂ ಇರಲಿಲ್ಲ.

ಬ್ಯಾಂಕಿನವನಾಗಿ ಹೇಳುತ್ತೇನೆ, ಠೇವಣಿದಾರರನ್ನು ಉಳಿಸಲು ಅದು ಅಗತ್ಯವಾಗಿತ್ತು. ಅದರ ಬಗ್ಗೆ ತಕರಾರಿಲ್ಲ. ಆದರೆ ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಿ. 2017ರಲ್ಲಿ ಶೇರು ಐದು ಪಟ್ಟಾಯಿತು, ಯಾರ ಪಾಲೂ ಕದಲಲಿಲ್ಲ. 2020ರಲ್ಲಿ ಶೇರು ಹತ್ತು ಪಟ್ಟಾಯಿತು, ಪಾಲು ಕರಗಿ ಹೋಯಿತು. ಶೇರಿನ ಸಂಖ್ಯೆ ಹೆಚ್ಚುವುದರಲ್ಲಿ ಇವೆರಡು ಬೇರೆ ಬೇರೆ ಬಗೆ. ಒಂದು ಹಣ್ಣನ್ನು ಕೊಯ್ಯುವುದು, ಇನ್ನೊಂದು ಪಂಕ್ತಿಗೆ ಹೊಸಬರನ್ನು ಕೂರಿಸುವುದು. ನಮ್ಮ ಜನ ಮೊದಲನೆಯದಕ್ಕೆ ಕುಣಿಯುತ್ತಾರೆ, ಎರಡನೆಯದರ ನೋಟೀಸನ್ನು ಓದದೆ ಅಳಿಸುತ್ತಾರೆ.

ಎದುರು ವಾದಗಳೂ ಇವೆ, ಗೊತ್ತು. "ಸ್ಪ್ಲಿಟ್ ಆದರೆ ಬಡವನೂ ಒಂದು ಶೇರು ಕೊಳ್ಳಬಹುದು." ಒಪ್ಪಿದೆ. 2023ರ ಜೂನಿನಲ್ಲಿ ಎಂಆರ್‌ಎಫ್ ಶೇರು ಒಂದಕ್ಕೆ ಲಕ್ಷ ರೂಪಾಯಿ ದಾಟಿದಾಗ ಗುಮಾಸ್ತನೊಬ್ಬ ಅದನ್ನು ಕೊಳ್ಳುವುದು ಕಷ್ಟವೇ. ಆದರೆ ಕೈಗೆಟಕುವ ಶೇರು ಬೇರೆ, ಅಗ್ಗದ ಶೇರು ಬೇರೆ.

ಇನ್ನೊಂದು ವಾದ ಇದಕ್ಕಿಂತ ಜಾಣತನದ್ದು. "ಅಧಿಕೃತ ಬಂಡವಾಳವೇ ಬ್ರಿಟಿಷರ ಕಾಲದ ಗೊಡ್ಡು ಪದ್ಧತಿ. ಬ್ರಿಟನ್ನೇ 2009ರ ಅಕ್ಟೋಬರಿನಿಂದ ಅದನ್ನು ಕಡ್ಡಾಯವಲ್ಲ ಎಂದು ಬಿಟ್ಟಿತು. ಡೆಲವೇರ್ ಕೂಡಾ 2023ರ ಆಗಸ್ಟಿನಿಂದ, ಒಂದೇ ವರ್ಗದ ಶೇರಿರುವ ಕಂಪನಿ ಸ್ಪ್ಲಿಟ್ ಮಾಡಲು ಮತ ಬೇಡ ಎಂದಿತು. ನಾವೂ ಕಿತ್ತುಹಾಕೋಣ." ಅರ್ಧ ಸತ್ಯ ಸ್ವಾಮಿ! ಬ್ರಿಟನ್ನಿನಲ್ಲಿ ಮಿತಿ ಹೋಯಿತು, ಆದರೆ ಹೊಸ ಶೇರು ಹಂಚಲು ನಿರ್ದೇಶಕರಿಗೆ ಶೇರುದಾರರ ಇಲ್ಲವೇ ನಿಯಮಾವಳಿಯ ಅಧಿಕಾರ ಬೇಕೆಂಬ ಕಲಮು, ಹಳೆಯ ಶೇರುದಾರರಿಗೆ ಮೊದಲ ಹಕ್ಕು ಎಂಬ ಕಲಮು ಉಳಿದಿವೆ. ಡೆಲವೇರಿನಲ್ಲೂ ಸ್ಪ್ಲಿಟ್ ಎಷ್ಟು ಪಟ್ಟೋ ಮಿತಿಯನ್ನು ಅಷ್ಟೇ ಪಟ್ಟು ಏರಿಸಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ಮತ ಬೇಕು. ಅದು ನ್ಯಾಯವೇ, ಏಕೆಂದರೆ ಅಲ್ಲಿ ಯಾರ ಪಾಲೂ ಕರಗುವುದಿಲ್ಲ. ಅವರು ತೆಗೆದದ್ದು ಅಡಚಣೆ, ಕಾವಲನ್ನಲ್ಲ.

ನಮ್ಮ ಬ್ಯಾಂಕಿಂಗ್ ಕಾನೂನು ಮಾಡಿದವರಿಗೆ ಇದು 1949ರಲ್ಲೇ ಗೊತ್ತಿತ್ತು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 12ನೇ ಕಲಂ ಪ್ರಕಾರ ಬ್ಯಾಂಕಿಂಗ್ ಕಂಪನಿಯ ಚಂದಾ ಬಂಡವಾಳ ಅಧಿಕೃತ ಬಂಡವಾಳದ ಅರ್ಧಕ್ಕಿಂತ ಕಡಿಮೆ ಇರಬಾರದು. ಅಂದರೆ ಭಾರೀ ಮಿತಿ ಬರೆದಿಟ್ಟುಕೊಂಡು ಖಾಲಿ ಬಿಡುವಂತಿಲ್ಲ. ಬೇರೆ ಕಂಪನಿಗಳಿಗೆ ಈ ಕಟ್ಟು ಇಲ್ಲ. ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೇಟೆಯಲ್ಲಿ ನೋಂದಾದ ಕಂಪನಿ ಮಿತಿ ಏರಿಸುವಾಗ, ಹಂಚಿಕೆಯಾದದ್ದೆಷ್ಟು, ಮೀಸಲಿಟ್ಟದ್ದೆಷ್ಟು ಮತ್ತು ಯಾರಿಗೆ, ಉಳಿಯುವುದೆಷ್ಟು ಎಂಬ ಮೂರು ಸಾಲನ್ನು ನೋಟೀಸಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಲಿ. ಸಾಲದ ಅರ್ಜಿಗೆ ನಾವು ಕೇಳುವ ಕಾಗದಗಳ ಮುಂದೆ ಇದೇನು ದೊಡ್ಡ ಕೆಲಸವಲ್ಲ.

ಅದಾಗುವ ತನಕ? ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಕಡೆಯಿಂದ ಬರುವ ಇ-ವೋಟಿಂಗ್ ಮೇಲನ್ನು ಕಸದ ಬುಟ್ಟಿಗೆ ಹಾಕಬೇಡಿ. ಪೋಸ್ಟಲ್ ಬ್ಯಾಲೆಟ್ಟಿನ ನೋಟೀಸು ಬಂದರೆ ಮೂರನೇ ಪುಟದ ತನಕ ಓದಿ. ಮಿತಿ ಏರಿಸುವುದು ಸಾಮಾನ್ಯ ನಿರ್ಣಯ, ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಪ್ರವರ್ತಕರೇ ಹೆಚ್ಚಾಗಿದ್ದಲ್ಲಿ ನಿಮ್ಮ ಮತದಿಂದ ಅದು ನಿಲ್ಲಲಿಕ್ಕಿಲ್ಲ. ಆದರೆ ಬೇಕಾದವರಿಗೆ ವಾರಂಟು ಹಂಚಲು ವಿಶೇಷ ನಿರ್ಣಯ ಬೇಕು, ವಿರೋಧದ ಮೂರು ಪಟ್ಟು ಮತ ಬೇಕು. ಅಲ್ಲಿ ಸಣ್ಣವರು ಒಟ್ಟಾದರೆ ತಡೆಯಬಹುದು. ತಡೆಯಲಾಗದಿದ್ದರೆ ಶೇರು ಮಾರಿ ಹೊರಬರುವ ಬುದ್ಧಿಯಾದರೂ ಸಮಯಕ್ಕೆ ಬರುತ್ತದೆ.

ಪರವೂರಿನಲ್ಲಿ ಬಾಡಿಗೆ ಮನೆಯಿಂದ ಶುರುಮಾಡಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓಡಾಡಿ ಕೂಡಿಸಿದ ದುಡ್ಡು ಇದು. ಊರಲ್ಲಿ ಹೊಲದ ಬದು ಒಂದು ಗೇಣು ಸರಿದರೆ ನಮ್ಮ ಹಿರಿಯರು ಕೋರ್ಟು ಹತ್ತುತ್ತಿದ್ದರು. ನಾವು ನಮ್ಮ ಪಾಲು ಹತ್ತನೇ ಒಂದಾಗುವಾಗಲೂ ಕೈಮುಗಿದ ಚಿತ್ರ ಕಳಿಸುತ್ತೇವೆ. ಇನ್ನೊಮ್ಮೆ "ಸ್ಪ್ಲಿಟ್ ಬಂತು" ಅಂತ ಸಂದೇಶ ಬಂದರೆ ಮೊದಲು ಮುಖಬೆಲೆ ನೋಡಿ, ಆಮೇಲೆ ಅಧಿಕೃತ ಮಿತಿ ನೋಡಿ, ಆಮೇಲೆ ಯಾರ ಟವೆಲ್ ಎಲ್ಲೆಲ್ಲಿ ಹಾಸಿದೆ ನೋಡಿ. ಸಂದೇಶ ಕಳಿಸಿದವರಿಗೂ ಅದೇ ಮೂರು ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ, ಉತ್ತರ ಬಂದಂತೆಯೇ ಅಂದುಕೊಳ್ಳಿ.